ಎಂಟು ಗುಲಗಂಜಿ

ಬಾಬಾನ ಅಂಗಡಿಯಲ್ಲಿ ಸೀಸಕ್ಕೆ ಪ್ರವೇಶವಿರಲಿಲ್ಲ.
ಉಗುರಿನ ಸಂದಿಯಲ್ಲಿ ಕೂತು ಬಂದರೂ ಸಾಕು,
ಮೂಸೆಗೆ ಬಿದ್ದು ಚಿನ್ನ ಕೆಡುತ್ತದೆ,
ಸುತ್ತಿಗೆಯ ಮೊದಲ ಏಟಿಗೇ
ಬಿಸ್ಕೀಟಿನಂತೆ ಬಿರಿಯುತ್ತದೆ.
ಬೀಸುಬಲೆಯವರು ಮೂಗುತಿ ಕೊಳ್ಳಲು ಬಂದರೆ
ಬಲೆಯ ಗುಂಡು ಹೊರಗಿಟ್ಟು ಬನ್ನಿ ಎನ್ನುತ್ತಿದ್ದ,
ಚಪ್ಪಲಿ ಬಿಡಿ ಎಂದ ಹಾಗೆ.

ಅದಕ್ಕೇ ನಾನು ಹಿತ್ತಿಲಲ್ಲಿ,
ಬಾವಿಕಟ್ಟೆಯಿಂದ ದೂರ, ಗಾಳಿಗೆ ಬೆನ್ನು ಕೊಟ್ಟು,
ಪುಟ್ಟ ಗ್ಯಾಸಿನ ಒಲೆ ಹೂಡಿದೆ.
ಉಲ್ಲಾಸ ತಾಂಡೇಲನ ಪಂಕ್ಚರ್ ಅಂಗಡಿಯಿಂದ
ಡಬ್ಬಿ ತುಂಬ ಚಕ್ರದ ತೂಕದ ತುಂಡುಗಳು.
ಯಾರ ಯಾರ ಕಾರಿನ ನಡುಕ ಹಿಡಿದು ನಿಲ್ಲಿಸಿದ್ದವೋ,
ಈಗ ಹಳೇ ಸೌಟಿನಲ್ಲಿ
ಮೊದಲು ಸುಮ್ಮನಿದ್ದು,
ಆಮೇಲೆ ಒಂದು ಮೂಲೆ ಕುಸಿದು,
ಒಮ್ಮೆಗೇ ಕನ್ನಡಿ.
ತೇಲಿದ ಕಸ, ಕಬ್ಬಿಣದ ಕ್ಲಿಪ್ಪು ಚಮಚದಲ್ಲಿ ತೆಗೆಯಬೇಕು.
ಹನಿ ನೀರು ಬಿದ್ದರೆ ಮುಖಕ್ಕೇ ಸಿಡಿಯುತ್ತದೆ.
ಮಳೆ ಪೂರ್ತಿ ಹೋಗಲೆಂದು ನವೆಂಬರ್‌ವರೆಗೆ ಕಾದಿದ್ದೆ.

ದೊಡ್ಡ ಗುಂಡು ಯಾರು ಬೇಕಾದರೂ ಎರೆದಾರು.
ನನಗೆ ಬೇಕಾದದ್ದು ಒಂದು ಗ್ರಾಂ,
ಬಾಗಿದ ಗಾಳದ ಕುತ್ತಿಗೆಗೆ ಒಂದು ಕಾಳಿನಷ್ಟು ತಲೆ.
ಕಾಳಿಯ ಅಳಿವೆಯಲ್ಲಿ ಭರತ ನಿಂತು ಇಳಿತ ಶುರುವಾಗದ
ಆ ಹತ್ತು ನಿಮಿಷ
ನೊಗಲಿ ಮೂಗಿನಿಂದ ತಳ್ಳಿ ನೋಡುತ್ತದೆ.
ಭಾರ ಗೊತ್ತಾದರೆ ಬಾಯಿ ತೆರೆಯುವುದಿಲ್ಲ.
ಸಿಗಡಿ ಮರಿ ಸೋತು ಇಳಿದಂತೆ
ಇಳಿಯಬೇಕು ಅದು,
ಬೇಕೋ ಬೇಡವೋ ಎಂಬಂತೆ.

ಸೀಸಕ್ಕೆ ಸಣ್ಣದಾಗಲು ಮನಸ್ಸಿಲ್ಲ.
ಅಚ್ಚಿನ ಬಾಯಲ್ಲೇ ಗುಡ್ಡೆಯಾಗಿ ಕೂರುತ್ತದೆ.
ಮೊದಲ ಭಾನುವಾರ ಹತ್ತೊಂಬತ್ತು ಎರೆದೆ:
ಅರ್ಧ ಕೆನ್ನೆಯದು, ಕತ್ತಿಲ್ಲದ್ದು,
ದಾರ ಪೋಣಿಸುವ ಕಣ್ಣನ್ನೇ ನುಂಗಿಕೊಂಡದ್ದು.
ಎರಡನೇ ಭಾನುವಾರವೂ ಅವೇ, ಮತ್ತೆ ಸೌಟಿಗೆ.
ಉರಿ ಏರಿಸಿದೆ. ಇನ್ನೂ ಏರಿಸಿದೆ.
ಸೀಸದ ಮೇಲೆ ನವಿಲುಬಣ್ಣದ ಕೆನೆ ಕಟ್ಟಿತು,
ಅಚ್ಚು ಮಾತ್ರ ತುಂಬಲಿಲ್ಲ.

ಅಡುಗೆಮನೆಯ ಕಿಟಕಿಯ ಸರಳಿನ ಆಚೆಯಿಂದ
ಬಾಬಾನ ದನಿ, ಯಾರಿಗೋ ಹೇಳಿದಂತೆ:
"ಕಾಯಬೇಕಾದದ್ದು ಅಚ್ಚು. ಸೀಸ ಅಲ್ಲ."
ಕಿಟಕಿ ಮುಚ್ಚಿಕೊಂಡಿತು.

ಮುಂದಿನ ವಾರ ಕೋಡಿಬಾಗದ ದಂಡೆಯಿಂದ
ಪಂಚೆಯ ಮಡಿಲಲ್ಲಿ ನಾಲ್ಕು ಸಮುದ್ರಫೇನ ತಂದ,
ಮಾಣಕಿ ಬಿಟ್ಟು ಹೋದ ಬೆನ್ನೆಲುಬು.
ಹಿಂದೆ ಉಂಗುರ ಎರೆಯುತ್ತಿದ್ದುದು ಇದರಲ್ಲೇ.
ಒಂದಕ್ಕೊಂದು ಉಜ್ಜಿ ಸಪಾಟು ಮಾಡಿ,
ನಡುವೆ ಗಾಳವಿಟ್ಟು ಅದುಮಿ,
ಚಾಣದ ತುದಿಯಲ್ಲಿ ತಲೆಗೊಂದು ಗುಳಿ, ಸೀಸಕ್ಕೊಂದು ದಾರಿ,
ಗಾಳಿಗೆ ಕೂದಲೆಳೆಯಂಥ ಮೂರು ಗೀರು.
ತಂತಿ ಸುತ್ತಿ, ಒಲೆಯ ಮಗ್ಗುಲಲ್ಲಿ ಬೆಚ್ಚಗಾಗಲು ಇಟ್ಟು,
ಎರಡು ಹೆಜ್ಜೆ ಹಿಂದೆ ಸರಿದು ಕೂತ.
"ಎರಿ. ಹೆದರಬೇಡ. ಒಂದೇ ಉಸಿರಿಗೆ."

ಸುಟ್ಟ ಏಡಿಚಿಪ್ಪಿನ ವಾಸನೆ.
ಬಿಚ್ಚಿದರೆ ಪೂರ್ತಿ ತಲೆ,
ಕೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆ,
ಮಾಣಕಿ ದಿನದಿನವೂ ಬೆಳೆದ ಲೆಕ್ಕ.
"ಅರ ಹಾಕಿ ಉಜ್ಜಲೇ?" ಎಂದೆ.
"ಯಾಕೆ? ಮೀನಿಗೆ ಗುರುತು ಸಿಗಲಿ."

ಆಮೇಲೆ ಎದ್ದು ಒಳಗೆ ಹೋದ.
ಹೊತ್ತಾಯಿತು. ಕಪಾಟಿನ ಬೀಗದ ಸದ್ದು.
ಗಾಜಿನ ಪೆಟ್ಟಿಗೆಯ ತಕ್ಕಡಿ ತಂದು
ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ.
ಒಂದು ತಟ್ಟೆಗೆ ಗುಲಗಂಜಿ. ಇನ್ನೊಂದಕ್ಕೆ,
ಚಿಮಟದಲ್ಲಿ ಎತ್ತಿ,
ಸೀಸ.
ಕಾಗದ ಹಾಸುತ್ತಾನೆ ಅಂದುಕೊಂಡಿದ್ದೆ. ಹಾಸಲಿಲ್ಲ.
ಅಂಗಡಿ ಮುಚ್ಚಿ ಎರಡು ವರ್ಷ,
ರಿಪೇರಿ ಮುಗಿದ ಮೇಲೆ ತೆರೆಯುತ್ತೇನೆ ಎನ್ನುತ್ತಲೇ ಇದ್ದ.
ಮುಳ್ಳು ತೂಗಿ ತೂಗಿ ನಿಂತಿತು.
"ಎಂಟು," ಎಂದ. "ಕೂದಲಷ್ಟು ಕಮ್ಮಿ."
ನಾನು ಮುಳ್ಳನ್ನೇ ನೋಡುತ್ತಿದ್ದೆ.

ಸಂಜೆ ಸೇತುವೆಯ ಕೆಳಗೆ ಐದು ಕಳೆದೆ.
ಮೂರು ಕಂಬದ ಸಿಂಪಿಗೆ ಸಿಕ್ಕಿ,
ಒಂದು ನನ್ನ ಗಂಟು ಬಿಚ್ಚಿ,
ಒಂದನ್ನು ಕಾಣದ್ದೇನೋ, ತಾಂಬೋಸವೇ ಇರಬೇಕು,
ಕಿತ್ತುಕೊಂಡು ಹೋಯಿತು.
ಸಿಕ್ಕಿದ್ದು ಎರಡು ನೊಗಲಿ, ಗೇಣುದ್ದದವು.

"ಐದೇ?" ಬಾಗಿಲಲ್ಲೇ ಲೆಕ್ಕ ಹಾಕಿದ, "ನಲವತ್ತು ಗುಲಗಂಜಿ."
ಅಂಗಡಿಯ ಕಸವನ್ನೂ ಚೀಲದಲ್ಲಿ ಕೂಡಿಟ್ಟು
ತೊಳೆಯುವವರಿಗೆ ಮಾರುತ್ತಿದ್ದವನು,
ನಕ್ಕನೇ? ಕತ್ತಲಿತ್ತು.
ಮೀನು ಇಸಿದುಕೊಂಡ.
"ಸಾಬೂನು ಹಾಕಿ ಕೈ ತೊಳಿ," ಎಂದ,
"ಉಗುರಿನ ಸಂದಿ ಕೂಡ."