ಸಾಕ್ಷಿಗುಡ್ಡೆ

ಅಗೆದ ಗುಂಡಿಯ ನಡುವೆ ಒಂದು ಗುಡ್ಡೆಯನ್ನು
ಮುಟ್ಟದೆ ಬಿಡಬೇಕು.
ತಲೆಯ ಮೇಲಿನ ಹುಲ್ಲು ಹಾಗೇ ಇರಬೇಕು.
ಎಷ್ಟು ಆಳ ಹೋದಿರಿ ಅಂತ ಓವರ್ಸಿಯರು ಬಂದು
ಅದಕ್ಕೆ ಟೇಪು ಹಿಡಿಯುತ್ತಾನೆ,
ಬ್ರಾಸಿಗೆ ಇಷ್ಟು ಅಂತ ಬರೆದುಕೊಳ್ಳುತ್ತಾನೆ.
ಅದರ ಹೆಸರು ಸಾಕ್ಷಿ.
ತಿಪ್ಪವ್ವ ಹೇಳುತ್ತಿದ್ದಳು, ನನ್ನಪ್ಪನ ತಾಯಿ:
"ನಾವು ಸುಳ್ಳು ಹೇಳಬಹುದು,
ಅದು ನಿಂತಲ್ಲೇ ನಿಂತಿರತದ."

ಆದರೆ ರಾತ್ರಿ ಹೆಂಟೆಯಿಟ್ಟು, ಮೇಲೆ ಹುಲ್ಲು ಹೊಂದಿಸಿ
ಸಾಕ್ಷಿಯನ್ನೇ ಗೇಣು ಬೆಳೆಸುವವರೂ ಇದ್ದರು.
ಒಂದು ಸಲ ಅವಳೂ.
ಹೇಳಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಬಾಗಲಕೋಟೆ ಕಡೆಯ ಒಡ್ಡರು.
ಪುಣೆಯ ತೆಂಕಣಕ್ಕೆ, ಘಾಟಿನ ಬುಡದ ಇಳಿಜಾರಿಗೆ
ಸರಕಾರ ಬದು ಹಾಕಿಸುತ್ತಿದ್ದ ವರ್ಷ
ಎರಡು ಕತ್ತೆ, ಮೂರು ಗುದ್ದಲಿ,
ಹೊಟ್ಟೆಯಲ್ಲಿ ಆರು ತಿಂಗಳ ನನ್ನಪ್ಪ.

ಸಾಹೇಬರು ದುರ್ಬೀನು ನೆಟ್ಟು ಸುಣ್ಣದ ಗೆರೆ ಎಳೆಸಿದರು.
ಗೆರೆ ನೆಟ್ಟಗಿರಲಿಲ್ಲ.
ಒಂದೇ ಮಟ್ಟ ಹುಡುಕುತ್ತ, ಹಾವು ಹೊರಳಿದ ಹಾಗೆ,
ಝೇಂಡೆಯ ಹೊಲವನ್ನು ಓರೆಯಾಗಿ ಸೀಳಿ
ಪಕ್ಕದವನ ಹೊಲಕ್ಕೆ ಕೇಳದೇ ನುಗ್ಗಿತ್ತು.
ಝೇಂಡೆ ಸಾತ್‌ಬಾರಾ ಉತಾರೆ ಹಿಡಿದು ಓಡಿ ಬಂದ.
ಕಾಗದದಲ್ಲಿ ನಾಲ್ಕು ಮೂಲೆ,
ಇಲ್ಲಿ ಐದನೆಯದು ಎಲ್ಲಿಂದ ಬಂತು?
ಸಾಹೇಬರು ನಕ್ಷೆ ಮಡಚಿದರು.
ಬುಟ್ಟಿ ಇಳಿಸದೇ ತಿಪ್ಪವ್ವ ಅಂದಳಂತೆ:
"ನೀರಿಗೆ ಓದಾಕ ಬರೂದಿಲ್ರಿ, ಸಾವಕಾರ."

ಅವನು ರಾತ್ರಿ ಎತ್ತು ಕಟ್ಟಿ ಬದು ಹರಗಿದ.
ಮೂರನೇ ದಿನ ಹಸ್ತದ ಮಳೆ.

ಬೆಳಕು ಹರಿದಾಗ ಕೆಳಗಿನ ಬಾಳೋಬಾನ ಹೊಲದಲ್ಲಿ
ಮೊಣಕಾಲುದ್ದ ಝೇಂಡೆಯ ಮಣ್ಣು.
ಝೇಂಡೆ ಬಂಡಿ ಹೂಡಿಕೊಂಡೇ ಬಂದ:
ನನ್ನ ಮಣ್ಣು ಕೊಡು.
ಬಾಳೋಬಾ ಬೀಡಿ ಹಚ್ಚಿದ:
ಗುರುತು ತೋರಿಸು, ತುಂಬಿಕೊಂಡು ಹೋಗು.
ಊರೆಲ್ಲ ನಿಂತು ನೋಡುತ್ತಿತ್ತು.
ಝೇಂಡೆ ಒಂದು ಹಿಡಿ ಎತ್ತಿ ಮೂಸಿದ,
ನಾಲಗೆಗೂ ಹಚ್ಚಿ ನೋಡಿದ,
ಆಮೇಲೆ ಬಂಡಿಯ ಮೂಕಿಯ ಮೇಲೆ ಕೂತುಬಿಟ್ಟ.
ಅಜ್ಜ ಸತ್ತಾಗಲೂ ಹಾಗೆ ಕೂತಿರಲಿಲ್ಲವಂತೆ.

ಸಂಜೆ ನಮ್ಮ ಗುಡಿಸಲ ಹತ್ತಿರ ಬಂದು
ಗೆರೆ ಹೇಗೆ ಹೋಗುತ್ತೋ ಹಾಗೇ ಹಾಕಿ ಅಂದ.
ಹಾಕಿದರು.
ಎರಡನೇ ಸಲದ ಕೂಲಿ ದಫ್ತರಕ್ಕೆ ಏರಲಿಲ್ಲ.

ಬದುವಿನ ಮೇಲೆ ಕರಡ ಬಂತು, ಸೀತಾಫಲ ಹುಟ್ಟಿತು.
ಶಿವರಾತ್ರಿ ಕಳೆದರೂ ಬಾವಿಯಲ್ಲಿ ಹಗ್ಗ ಗಿಡ್ಡವೇ ಸಾಕಾಯಿತು.
ನನ್ನಪ್ಪ ಆ ಊರಲ್ಲೇ ಹುಟ್ಟಿ, ಬದುವಿನ ನೆರಳಲ್ಲಿ
ತೊಟ್ಟಿಲು ತೂಗಿಸಿಕೊಂಡವನು.
ಝೇಂಡೆಯ ಮೊಮ್ಮಕ್ಕಳು ಗುಂಟೆ ಗುಂಟೆ ಮಾರಿದರು.
ಒಂದು ಜೆಸಿಬಿ, ಒಂದು ಮಧ್ಯಾಹ್ನ.
ಈಗ ಅಲ್ಲಿ ಸುಣ್ಣದ ಗೆರೆಗಳೆಲ್ಲ ನೆಟ್ಟಗಿವೆ,
ಪ್ರತಿ ಪ್ಲಾಟಿಗೂ ನಾಲ್ಕೇ ಮೂಲೆ.

ನಾನು ಅದೇ ಹಳ್ಳದ ಕೆಳಮಗ್ಗುಲಲ್ಲಿ, ಪುಣೆಯೊಳಗೆ,
ಹತ್ತಕ್ಕೆ ಹತ್ತರ ಕೋಣೆಯಲ್ಲಿ.
ಹೋದ ಸೆಪ್ಟೆಂಬರಿನ ರಾತ್ರಿ ನೀರು
ಕದ ತಟ್ಟದೇ ಬಂತು,
ಹೋಗುವಾಗ ಹೊರೆ ಇಳಿಸಿ ಹೋಯಿತು.
ಬೆಳಿಗ್ಗೆ ಊಟದ ತಾಟಿನಿಂದ ಕೆಸರು ಬಳಿದೆವು.
ಮಂಚದಡಿ ಒಂದು ಸೀತಾಫಲದ ಬೀಜ,
ಕಪ್ಪಗೆ, ಒರೆಸಿದರೆ ಹೊಳೆಯುವಂಥದು.
ಎಸೆಯಲು ಎತ್ತಿದ ಕೈ ಸ್ವಲ್ಪ ತಡೆಯಿತು.
ಎಲ್ಲಿ ಎಸೆಯುವುದು? ಗಲ್ಲಿಯಲ್ಲಿ ಎಲ್ಲರೂ
ತಮ್ಮ ಕೆಸರನ್ನು ಪಕ್ಕದವರ ಬಾಗಿಲಿಗೆ ಬಳಿಯುತ್ತಿದ್ದರು.

ಪರಿಹಾರಕ್ಕೆ ಬರೆದುಕೊಳ್ಳಲು
ನಾಲ್ಕನೇ ದಿನ ತಲಾಠಿ ಬಂದ.
ಗೋಡೆಯ ಮೇಲೆ ನೀರು ನಿಂತ ಗೆರೆಗೆ ಟೇಪು ಹಿಡಿದ.
ಮೂರು ಅಡಿ ಎರಡು ಇಂಚು, ಅಂದ.
ಬರೆದ. ಮತ್ತೊಮ್ಮೆ ಗೆರೆಯನ್ನು ನೋಡಿದ.
ಪಂಚನಾಮೆಗೆ ಸಾಕ್ಷಿ ಯಾರು, ಕೇಳಿದ.

ಹಿಂದಿನ ರಾತ್ರಿ ಒದ್ದೆ ಕೈಯಿಂದ
ಒಂದು ಗೇಣು ನಾನೇ ಏರಿಸಿದ್ದೆ.
ಬಾಯಿಗೆ ಸೆರಗು ಹಿಡಿದು ಸುಮ್ಮನೆ ನಿಂತೆ.