ಭಿನ್ನ, ಶೇಷ

ಪೈವಳಿಕೆಯ ಅಕ್ಷಯ ಕೇಂದ್ರದಲ್ಲಿ
ಅರ್ಜಿ ಮಲಯಾಳದಲ್ಲಿರುತ್ತದೆ.
ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ,
ಅವರು ತುಳುವಿನಲ್ಲಿ ತಲೆಯಾಡಿಸುತ್ತಾರೆ.

ಒಂದು ಪದ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕುತ್ತದೆ:
ಭಿನ್ನಶೇಷಿ.
ಶೇಷಿ ಎಂದರೆ ಅವರಲ್ಲಿ ಸಾಮರ್ಥ್ಯ, ಗೊತ್ತು.
ಆದರೆ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿತ ಕಿವಿಗೆ
ಮೊದಲು ಭಿನ್ನ ಕೇಳುತ್ತದೆ, ಆಮೇಲೆ ಶೇಷ.
ಭಾಗಿಸಿ, ಭಾಗಿಸಿ, ಬದಿಗೆ ಬರೆದಿಟ್ಟದ್ದು.

ತಾಳೆಯಿಂದ ಬಿದ್ದ ಸಂಕಪ್ಪ ಬೆಳ್ಚಾಡರ ಕಾಲು
ಮರುತಪಾಸಣೆಯಲ್ಲಿ ಶೇಕಡಾ ಮೂವತ್ತೆಂಟು.
ನಲವತ್ತು ಬೇಕು.
"ಎರಡು ಎಲ್ಲಿಂದ ತರಲಿ ಮಗಾ?"
ಅಂಗಡಿಯೆದುರು ಚಿಲ್ಲರೆ ಸಾಲದವರ ಹಾಗೆ
ಕಿಸೆ ಮುಟ್ಟಿ ನೋಡಿಕೊಂಡರು.

ಅವ್ವಮ್ಮನಿಗೆ ತೊಂಬತ್ತು, ಕಾಗದವೆಲ್ಲ ಸರಿ.
ಹದಿನಾಲ್ಕು ಮೆಟ್ಟಿಲು ಎತ್ತಿಕೊಂಡು ಬಂದ
ಆಟೋದ ಇಸುಬು ಇನ್ನೂ ಏದುತ್ತಿದ್ದಾನೆ.
ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಬೆರಳೊತ್ತಬೇಕು.
ಮೂವತ್ತು ವರ್ಷ ಬೀಡಿ ಸುರುಟಿದ ಹೆಬ್ಬೆರಳು
ಗಾಜಿನ ಮೇಲೆ ಜಾರುತ್ತದೆ. ಕೆಂಪು ದೀಪ.
ಸೆರಗಲ್ಲಿ ಒರೆಸಿ, ಮತ್ತೆ. ಕೆಂಪು.
ಕಣ್ಣು ನೋಡುವ ಯಂತ್ರ ರಿಪೇರಿಗೆ ಹೋಗಿ ತಿಂಗಳಾಯಿತು.

ಪಂಚಾಯತಿನ ಗೋಡೆಯಲ್ಲಿ ಹೊಸ ಪಟ್ಟಿ.
ನಮ್ಮ ವಾರ್ಡು: ಕಳೆದ ವರ್ಷ ಇಪ್ಪತ್ತಮೂರು,
ಈ ಸಲ ಹತ್ತೊಂಬತ್ತು.
"ಕಮ್ಮಿಯಾಗ್ತಾ ಉಂಟಲ್ಲ, ಒಳ್ಳೆಯದೇ," ಎಂದರು ಮೆಂಬರು.

ಹೌದು.
ಲಿಲ್ಲಿ ಕ್ರಾಸ್ತಾ ಜನವರಿಯಲ್ಲಿ ತೀರಿಕೊಂಡರು.
ಸಂಕಪ್ಪಣ್ಣನಿಗೆ ಎರಡು ಸಾಲದು.
ಅವ್ವಮ್ಮನ ಬೆರಳು ಯಂತ್ರಕ್ಕೆ ಸಿಗಲಿಲ್ಲ.
ನಾಲ್ಕನೆಯವರು ಯಾರು?
ಬೆಳಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ.

ಕೆಳಗೆ ರಸ್ತೆಯಲ್ಲಿ ಒಂದು ಆಟೋ
ಹಾರನ್ ಹೊಡೆಯುತ್ತಲೇ ಇದೆ,
ಯಾರೂ ಇಳಿಯುತ್ತಿಲ್ಲ.