ಮೂರನೇ ಸಾಲು, ಹೆಣ್ಣಿನ ಕಡೆ

ಮೂವತ್ತೊಂದು ಮದುವೆಗೆ ಹೋಗಿದ್ದೇನೆ,
ಒಂದರಲ್ಲೂ ಉಂಡಿಲ್ಲ.
ಕೇಕಿನ ಮೂರು ಅಂತಸ್ತಿನಲ್ಲಿ ಎರಡೂಮುಕ್ಕಾಲು ಥರ್ಮೋಕೋಲು,
ಚಾಕು ಇಳಿಯುವಲ್ಲಿ ಮಾತ್ರ ಒಂದು ತುಂಡು ನಿಜ,
ಅದೂ ಮದುಮಗಳ ಮೂಗಿಗೆ ಮೀಸಲು.
ಶಾಂಪೇನು ಅಂದರೆ ಶುಂಠಿ ಸೋಡಾ,
ದೀಪಗಳ ಕಾವಿಗೆ ಬೆಚ್ಚಗಾದದ್ದು.

ಬರ್ಬ್ಯಾಂಕಿನ ಸ್ಟುಡಿಯೊ. ಚರ್ಚಿಗೆ ಮೂರೇ ಗೋಡೆ.
ನಾಲ್ಕನೆಯದರ ಜಾಗದಲ್ಲಿ ಇನ್ನೂರು ಜನ
ಮೆಟ್ಟಿಲ ಮೇಲೆ ಕೂತು ನಗಲು ಬಂದವರು.
ಅವರ ನಗೆ ಸಾಲದಿದ್ದರೆ
ಡಬ್ಬಿಯಲ್ಲಿ ಬೇರೆ ಇದೆ.

ನಮ್ಮ ಕೆಲಸ ಬಂಧುಗಳಾಗುವುದು.
ದಿನಗೂಲಿ. ಸ್ವಂತ ಕೋಟು ತಂದರೆ ಒಂಬತ್ತು ಡಾಲರು ಹೆಚ್ಚು.
ಮಾತಾಡುತ್ತಿರಬೇಕು, ಸದ್ದು ಮಾಡಬಾರದು;
ಮೈಕಿಗೆ ಬೇಕಾದ್ದು ಮುಂದಿನವರ ಮಾತು ಮಾತ್ರ.
ಹೊಸಬರು ತುಟಿಯಲ್ಲೇ ಅಂಕಿ ಎಣಿಸುತ್ತಾರೆ,
ಒಂದು ಎರಡು ಮೂರು, ತಲೆಯಾಡಿಸು, ನಾಲ್ಕು.

ಇರ್ಮಾ ಹ್ರಾಡೆಕ್ ಎಣಿಸುತ್ತಿರಲಿಲ್ಲ.
ಅವಳನ್ನು ನನ್ನ ಪಕ್ಕ ಕೂರಿಸಿದ್ದು ಎತ್ತರ ಹೊಂದಿತೆಂದು.
ಸಹಾಯಕ ನಿರ್ದೇಶಕ, ಬಾಯಲ್ಲಿ ಪೆನ್ನು, ಬೆರಳು ತೋರಿಸಿದ:
ನೀವಿಬ್ಬರು ಗಂಡ ಹೆಂಡತಿ. ಮೂರನೇ ಸಾಲು. ಹೆಣ್ಣಿನ ಕಡೆ.
ಇಷ್ಟೇ ನಮ್ಮ ಶಾಸ್ತ್ರ.

ಆಮೇಲೆ ಮಾರ್ಚಿ ಬಂತೆಂದರೆ, ಸೀಸನ್ನಿನ ಕೊನೆಯ ಕಂತಿಗೆ,
ಒಂದಲ್ಲ ಒಂದು ಸಿಟ್‌ಕಾಮಿನಲ್ಲಿ ಲಗ್ನ.
ಒಬ್ಬಳು ಕಿಟಕಿ ಹಾರಿ ಓಡಿದಳು.
ಇನ್ನೊಬ್ಬನ ಮಾಜಿ ಹೆಂಡತಿ ಪಾದ್ರಿಯ ವೇಷದಲ್ಲಿ ಬಂದಳು.
ಮತ್ತೊಂದು ಜೋಡಿ, ಐದು ವರ್ಷ
ಮುತ್ತಿಡುವ ಹೊತ್ತಿಗೇ ಫೋನು ಬಡಿದು, ಬಾಗಿಲು ಬಡಿದು, ಹಾಲು ಉಕ್ಕಿ,
ಕಡೆಗೂ ಉಂಗುರ ಹಾಕಿಕೊಂಡ ಮೇಲೆ
ಇನ್ನೇನು, ಸಪ್ಪೆ, ಎಂದು ಚಾನೆಲ್ಲು ಗೊಣಗಿತು.
ಗಂಡಹೆಂಡಿರ ಜಗಳ ಅಲ್ಲಿ ಉಂಡು ಮಲಗುವ ತನಕ ಅಲ್ಲ,
ಜಾಹೀರಾತು ಬರುವ ತನಕ.

ನಾವು ಮಾತ್ರ ಹಾಗೇ ಇದ್ದೆವು.
ಯಾವ ಬರಹಗಾರನಿಗೂ ನಮ್ಮನ್ನು ಬಿಡಿಸುವ ಯೋಚನೆ ಬರಲಿಲ್ಲ.
ಅವಳು ನನ್ನ ಕಿವಿಯ ಕಡೆ ವಾಲಿ, ದನಿಯಿಲ್ಲದೆ, ಏನೇನೋ:
ಕ್ಲೀವ್‌ಲ್ಯಾಂಡಿನ ಅಕ್ಕ, ಪಾರ್ಕಿಂಗ್ ದಂಡ,
ಕಚ್ಚುವ ಬೂಟು, ಮದುಮಗನ ವಿಗ್ಗು.
ಅರ್ಧ ತಿಳಿಯುತ್ತಿತ್ತು. ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ
ನಿಜವಾದ ಗಂಡಂದಿರ ಹಾಗೆ.
ನಾನೂ ಹೇಳುತ್ತಿದ್ದೆ. ನನ್ನ ಅಮ್ಮನ ವಿಷಯ, ಬಾಡಿಗೆ,
ಅವಳ ಕತ್ತಿನ ಹತ್ತಿರದ ಆ ಮಚ್ಚೆ.
ಹೇಳುತ್ತಿದ್ದೆ ಎಂದೇ ನೆನಪು.

ಕಟ್ ಅಂದರೆ ಅವಳು ಕಾರಿಗೆ, ನಾನು ಬಸ್ಸಿಗೆ.
ಸದ್ದು ಮಾಡಿ ಆಡಿದ್ದು ಲೆಕ್ಕಕ್ಕಿಲ್ಲ:
ನಿಮ್ಮ ಟೈ ವಾರೆ.
ಓ, ಥ್ಯಾಂಕ್ಸ್.

ಹದಿನೇಳನೆಯದು ಕಡಲತೀರದ ಮದುವೆ, ಲಾರಿಯಲ್ಲಿ ಬಂದ ಮರಳು.
ಮದುಮಗಳು ಮಾತು ಮರೆತು ಮರೆತು ಏಳು ಟೇಕು.
ಏಳು ಸಲವೂ ಇರ್ಮಾ ಒಂದೇ ವಾಕ್ಯ ಹೇಳಿದಳು,
ನನ್ನತ್ತ ತಿರುಗದೆ, ನೆಟ್ಟಗೆ ಮುಂದೆ ನೋಡುತ್ತ.
ಏಳು ಸಲವೂ ತಲೆಯಾಡಿಸಿದೆ.
ಮುಂದಿನ ಮಾರ್ಚಿಗೆ ನನ್ನ ಹೆಂಡತಿ ಬೇರೆ ಯಾರೋ.
ಅಂಕಿ ಎಣಿಸುವವಳು.

ಈಗ ಹಳೆಯ ಕಂತುಗಳು ನಡುರಾತ್ರಿ ಬರುತ್ತವೆ.
ಮದುಮಗಳ ಎಡಭುಜದಾಚೆ ನಾಲ್ಕು ಸೆಕೆಂಡು ನಾವಿಬ್ಬರು,
ಸ್ವಲ್ಪ ಮಸುಕು.
ನಿಲ್ಲಿಸುತ್ತೇನೆ, ಹಿಂದಕ್ಕೆ ಓಡಿಸುತ್ತೇನೆ.
ಅವಳ ತುಟಿ ಕೂಡಿ ಬಿಡುತ್ತದೆ: ಮ ಇರಬಹುದು, ಬ ಇರಬಹುದು,
ಬೂಟು ಅಂದಳೋ, ಬೇಡ ಅಂದಳೋ, ಬಾ ಅಂದಳೋ.

ಕೆಳಮನೆಯ ಅರಾಸೆಲಿಗೆ ಹುಟ್ಟಿನಿಂದ ಕಿವಿ ಕೇಳದು,
ತುಟಿ ಓದುತ್ತಾಳೆ. ನಿನ್ನೆ ಮೇಲೆ ಕರೆದೆ.
ಕಾಫಿ ಮುಟ್ಟದೆ ಮೂರು ಸಲ ನೋಡಿದಳು,
ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ.
ಆಮೇಲೆ ದಿನಸಿ ಚೀಟಿಯ ಬೆನ್ನಿಗೆ ಬರೆದುಕೊಟ್ಟಳು:

ಹೆಂಗಸಿನದು ಗೊತ್ತಾಗುವುದಿಲ್ಲ, ಮುಸುಕು ಅಡ್ಡ.
ಪಕ್ಕದ ಗಂಡಸಿನದು ಸ್ಪಷ್ಟ.
ಐದು, ಆರು, ಏಳು, ಎಂಟು.